ಉಳಿದ ಬಲ

ಮೇ ತಿಂಗಳ ಭೋಸರಿಯಲ್ಲಿ
ನಲ್ಲಿಯ ನೀರೇ ಮೂವತ್ತೆರಡು ಡಿಗ್ರಿ.
ಪರೀಕ್ಷೆಗೆ ಇಪ್ಪತ್ತು ಬೇಕು.
ಹಾಗಾಗಿ ಹತ್ತು ಗಂಟೆಗೆ ಗೇಟಿನಾಚೆ
ಕಬ್ಬಿನಹಾಲಿನ ಗಾಣದವನ ಹತ್ತಿರ
ಎರಡು ಬಕೆಟ್ ಐಸು ಕೊಂಡು
ವೋಚರಿನಲ್ಲಿ 'ಪ್ರಯೋಗ ಸಾಮಗ್ರಿ' ಎಂದು ಬರೆಯುತ್ತೇನೆ.
ಗಾಣಕ್ಕೆ ಕಟ್ಟಿದ ಗೆಜ್ಜೆ
ಲ್ಯಾಬಿನ ತನಕ ಕೇಳಿಸುತ್ತದೆ,
ಕುಲುಮೆಯ ಬಾಗಿಲು ತೆರೆಯುವವರೆಗೆ.

ತಾಂಬೋಳಿ ಮಾಮು ಇಕ್ಕಳ ಹಿಡಿದು ನಿಂತಿದ್ದಾರೆ.
ಹತ್ತೊಂಬತ್ತು ವರ್ಷದಿಂದ ಅವರಿಗೆ ಹುಬ್ಬಿಲ್ಲ.

ಇವತ್ತಿನ ಕಡ್ಡಿಗಳು ಅಲ್ಯುಮಿನಾ,
ಕಿರುಬೆರಳುದ್ದ, ಹಾಲಿನ ಬಿಳುಪು.
ಮೊದಲ ಐದನ್ನು ಕಾಯಿಸದೆ ಮುರಿದೆವು:
ಕೆಳಗೆ ಎರಡು ಉರುಳೆ, ಮೇಲಿಂದ ಒಂದು,
ನಡುವೆ ಒತ್ತಡ.
ಮುನ್ನೂರ ಅರವತ್ತು ಮೆಗಾಪ್ಯಾಸ್ಕಲ್!
ಸೇಲ್ಸಿನ ಪಟವರ್ಧನ್ ಬಾಯಿ ಬಾಗಿಲಲ್ಲೇ ನಿಂತು
ಆ ಅಂಕಿಯ ಫೋಟೋ ತೆಗೆದುಕೊಂಡರು.

ಆಮೇಲೆ ನೂರೈವತ್ತಕ್ಕೆ ಕಾಯಿಸಿ ನೀರಿಗೆ.
ಚುಂಯ್. ಬಲ ಹಾಗೇ ಇದೆ.
ಇನ್ನೂರಕ್ಕೆ ಕಾಯಿಸಿ ನೀರಿಗೆ. ಹಾಗೇ ಇದೆ.
ಇನ್ನೂರ ಐವತ್ತಕ್ಕೆ ಕಾಯಿಸಿ ನೀರಿಗೆ:
ಎಪ್ಪತ್ತೆರಡು.
ಇಳಿಜಾರಿರಲಿಲ್ಲ, ಮೆಟ್ಟಿಲೂ ಇರಲಿಲ್ಲ,
ಗ್ರಾಫಿನಲ್ಲಿ ಬಾವಿಯ ಅಂಚು.

ಆಗುವುದು ಇಷ್ಟೇ.
ಹೊರಮೈ ಕುಗ್ಗಲು ಹೊರಟಿರುತ್ತದೆ,
ಒಳಗು ಇನ್ನೂ ಹಿಗ್ಗಿನಲ್ಲೇ ಇರುತ್ತದೆ.
ಒಂದೇ ಕಡ್ಡಿ, ಎರಡು ಹವಾಮಾನ.
ಹೊರಗಿನದು ಒಳಗಿನದಕ್ಕಾಗಿ ಕಾಯದು.
ಕಣ್ಣಿಗೆ ಏನೂ ಕಾಣದು.
ಕೆಂಪು ಶಾಯಿ ಸವರಿ ಒರೆಸಿದರೆ ಮಾತ್ರ
ಜ್ವರದ ಕಣ್ಣಿನ ನರದಂತೆ
ಒಂದು ಗೆರೆ.

ಅಕ್ಕಲಕೋಟೆಯ ಸಂತೆಯಲ್ಲಿ ನನ್ನ ಅಮ್ಮಾಯಿ
ಉಂಗುರದ ಬೆರಳಿನಿಂದ ಗಡಿಗೆ ಬಡಿದು
ಕಿವಿ ಹಚ್ಚಿ ಕೇಳುತ್ತಿದ್ದಳು,
ಕುಂಬಾರನ ಮುಖ ನೋಡುತ್ತಿರಲಿಲ್ಲ.
'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅನ್ನುತ್ತಿದ್ದಳು.
ದೊಣ್ಣೆಯೂ ಬೇಡವ್ವಾ,
ತಣ್ಣೀರು ಸಾಕು ಅಂತ
ಹೇಳೋಣವೆಂದರೆ ಈಗ ಅವಳಿಲ್ಲ.

ಊಟದ ಮೇಲೆ ಎರಡನೇ ಟ್ರೇ:
ಬೂದು ಬಣ್ಣದ ಕಾರ್ಡಿಯರೈಟ್,
ಉಣ್ಣೆಯ ಉಂಡೆಯ ಹಾಗೆ ಒರಟು,
ಮೈತುಂಬ ರಂಧ್ರ, ಹುಟ್ಟುವಾಗಲೇ ಸಾವಿರ ಬಿರುಕು.
ಕಾಯಿಸದೆ ಮುರಿದಾಗ ನಲವತ್ತು.
ಪಟವರ್ಧನ್ ಬಾಯಿ ಬರಲಿಲ್ಲ.
ನಾನೂರಕ್ಕೆ ಕಾಯಿಸಿ ಮುಳುಗಿಸಿದೆವು: ಮೂವತ್ತೇಳು.
ಆರುನೂರು: ಮೂವತ್ತೈದು.
ಎಂಟುನೂರಕ್ಕೆ ಇಕ್ಕಳದ ತುದಿಯೇ ಕೆಂಪಾಯಿತು,
ಡ್ರಮ್ಮಿನ ನೀರು ಗೊರಗೊರ ಅಂದಿತು.
ಮೂವತ್ತೊಂದು.

ಇದು ಕಾದರೂ ಹೆಚ್ಚು ಹಿಗ್ಗುವ ಜಾತಿಯಲ್ಲ.
ಬಿರುಕು ಹೊರಟರೂ ಬಹಳ ದೂರ ಹೋಗದು,
ಒಂದು ರಂಧ್ರಕ್ಕೆ ಬಿದ್ದು
ಅಲ್ಲೇ ಮೊಂಡಾಗುತ್ತದೆ.

ನಾನು ಬಾಯಿ ತೆರೆದೆ.
'ಮನುಷ್ಯರ ಮಾತು ಎತ್ತಬೇಡ,' ಅಂದರು ಮಾಮು,
'ಕಳೆದ ವರ್ಷ ಒಬ್ಬ ಟ್ರೇನಿ ಹುಡುಗ
ಇದನ್ನೇ ನೋಡಿ ಅರ್ಧ ತಾಸು ಭಾಷಣ ಮಾಡಿದ.
ನೀನು ಯಾವತ್ತಾದರೂ ಮನುಷ್ಯರನ್ನು
ಆ ಉರುಳೆಗಳ ಮೇಲೆ ಇಟ್ಟಿದ್ದೀಯಾ?'
ಇಲ್ಲ.
'ಹಾಗಾದರೆ ಅಂಕಿ ಬರಿ.'

ಬರೆದೆ.
ಕ್ಯಾಟಲಾಗಿಗೆ ಮೊದಲ ಅಂಕಿ ಸಾಕು
ಎಂದು ಸಂಜೆ ಮೇಲ್ ಬಂತು.
ಬಾವಿಯ ಅಂಚನ್ನೂ ಸೇರಿಸಿ
ಇಡೀ ಗ್ರಾಫು ಕಳಿಸಿದೆ.
ಇನ್ನೂ ಉತ್ತರ ಬಂದಿಲ್ಲ.

ತಿಂಗಳ ಕೊನೆಗೆ ಮಾಮುವಿನ ಕಾಂಟ್ರ್ಯಾಕ್ಟು ಮುಗಿಯುತ್ತದೆ.
ಹೊಸ ಕುಲುಮೆಗೆ ತನ್ನದೇ ಕೈ ಇದೆ,
ಇಕ್ಕಳ ಬೇಕಿಲ್ಲ.
ಅದರ ಬಗ್ಗೆ ಅವರು ಏನೂ ಹೇಳಲಿಲ್ಲ,
ಕೈಗವಸು ಕೊಡವಿ ಗೂಟಕ್ಕೆ ತೂಗುಹಾಕಿದರು,
ಹೆಬ್ಬೆರಳು ಮೇಲಾಗಿ.

ಮುರಿದ ಬಿಳಿ ತುಂಡುಗಳಲ್ಲಿ ಒಂದನ್ನು
ಚೀಲಕ್ಕೆ ಹಾಕಿಕೊಂಡು ಬಂದಿದ್ದೇನೆ.
ಬಸ್ಸಿನಲ್ಲಿ ಬೀಗದಕೈಗೆ ತಾಗಿ
ದಾರಿಯುದ್ದ ಕಿಣಿಕಿಣಿ ಅನ್ನುತ್ತಿತ್ತು.
ಬಿದ್ದ ಕಡ್ಡಿ, ಎಪ್ಪತ್ತೆರಡರ ಕಡ್ಡಿ.
ಅಡುಗೆಮನೆಯಲ್ಲಿ ಅದರ ಮೇಲೆ
ಚೂರಿಯನ್ನು ನಾಲ್ಕು ಸಲ ಎಳೆದೆ, ಆ ಕಡೆ, ಈ ಕಡೆ.
ಮಾವಿನಕಾಯಿ ಓಟೆಯ ಸಮೇತ
ಒಂದೇ ಏಟಿಗೆ ಎರಡಾಯಿತು.